ವೈರು ಕೇಳುವ ಮಾವ

ನಮ್ಮ ಸೋದರಮಾವ ಹಾಡು ಕೇಳುತ್ತಿದ್ದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರು ಕೇಳುತ್ತಿದ್ದದ್ದು ವೈರು! ಹಾಡು ಯಾವುದಾದರೂ ಆಗಲಿ, ಹಾಡುವವರು ಯಾರಾದರೂ ಆಗಲಿ, ಅವರಿಗೆ ಚಿಂತೆಯಿಲ್ಲ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ಆ ಮಾರುದ್ದದ ವೈರಿನೊಳಗೆ ಹಾಡು ಸುಖವಾಗಿ ಪ್ರಯಾಣ ಮಾಡಿತೇ, ಇಲ್ಲ ಹನೂರು ಬಸ್ಸಿನಲ್ಲಿ ನಿಂತು ಬಂದವರ ಹಾಗೆ ನಜ್ಜುಗುಜ್ಜಾಗಿ ಇಳಿಯಿತೇ ಎಂಬುದೊಂದೇ ಅವರ ಪ್ರಶ್ನೆ.

ಕೊಳ್ಳೇಗಾಲದಲ್ಲಿ ಅವರದು ರೇಷ್ಮೆ ಎಳೆ ಹೊಸೆದು ಹುರಿ ಮಾಡುವ ಕಸುಬು. ಮನೆಯ ಹಿಂಭಾಗದಲ್ಲಿ ಹುರಿ ಮಿಷನ್ನು ಬೆಳಗಿನಿಂದ ಸಂಜೆಯವರೆಗೆ ಗಡಗಡ ಎನ್ನುತ್ತಿತ್ತು. ಅತ್ತೆ ಅಡುಗೆ ಮುಗಿಸಿ ಅದರ ಮುಂದೆ ನಿಂತರೆ, ಕಡಿದ ಎಳೆಗಳಿಗೆ ಗಂಟು ಹಾಕುತ್ತ ದಿನವೆಲ್ಲ ಅಲ್ಲೇ. ಮುಂಭಾಗದಲ್ಲಿ ಮಾವನ ಸ್ಟೀರಿಯೋ. ಇಂಥ ಮನೆಯಲ್ಲಿ ಕೂತು ವೈರಿನ ಸೂಕ್ಷ್ಮಕ್ಕೆ ತಲೆ ಕೆಡಿಸಿಕೊಂಡ ಮನುಷ್ಯ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು! ಭಾನುವಾರ ಮಿಷನ್ನಿಗೆ ರಜ, ವೈರಿಗೆ ಪೂಜೆ. ನಾನಾಗ ಯಳಂದೂರಿನಲ್ಲಿ ಕೆಲಸಕ್ಕಿದ್ದೆ. ಅತ್ತೆಯ ಕೈಯಡುಗೆಯ ಆಸೆಗೆ ಭಾನುವಾರ ಬಸ್ಸು ಹತ್ತಿ ಬಂದು, ಈ ಪೂಜೆಗೆ ಸಿಕ್ಕಿಬೀಳುತ್ತಿದ್ದೆ.

ಈ ಕಾಯಿಲೆ ಅವರಿಗೆ ಅಂಟಿದ್ದು ಮೈಸೂರಿನ ಒಂದು ಅಂಗಡಿಯಲ್ಲಿ. ಸಣ್ಣ ವೈರು ತೆಗೆದು ದಪ್ಪ ವೈರು ಹಾಕಿದರೆ ಹಾಡು ಬಿಚ್ಚಿಕೊಳ್ಳುತ್ತದೆ ಎಂದು ಅಂಗಡಿಯವನು ಹೇಳಿದ್ದೇ ತಡ, ಮಾವ ಆ ವೈರನ್ನು ರೇಷ್ಮೆಯವರ ಪದ್ಧತಿಯಲ್ಲೇ ಪರೀಕ್ಷೆಗೆ ತೆಗೆದುಕೊಂಡರು. ಬೆರಳ ನಡುವೆ ಎಳೆದರು. ಬೆಳಕಿಗೆ ಹಿಡಿದರು. ಕೆನ್ನೆಗೆ ಸವರಿಕೊಂಡರು. ಅಷ್ಟಕ್ಕೇ ಬಿಡಬಾರದೇ? ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಕಡ್ಡಿ ಗೀರಿ, ವೈರಿನ ತುದಿ ಸುಟ್ಟು ಮೂಸಿ ನೋಡಿದರು! ಅಸಲಿ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು. ವೈರಿಗೆ ಯಾವ ವಾಸನೆ ಬರಬೇಕೋ ಅವರಿಗೂ ಗೊತ್ತಿರಲಿಲ್ಲ. ಅಂಗಡಿ ತುಂಬ ಪ್ಲಾಸ್ಟಿಕ್ಕಿನ ಹೊಗೆ. ಸುಟ್ಟ ಮಾಲನ್ನು ಅಂಗಡಿಯವನು ವಾಪಸ್ಸು ತೆಗೆದುಕೊಳ್ಳುತ್ತಾನೆಯೇ? ಇಡೀ ಸುರುಳಿ ಕೊಳ್ಳೇಗಾಲಕ್ಕೆ ಬಂತು. ಮಾಲು ಅಸಲಿ ಎಂದು ಮಾವ ಊರೆಲ್ಲ ಹೇಳಿಕೊಂಡು ಬಂದರು.

ಅಲ್ಲಿಂದ ಆ ಮನೆಗೆ ಬಂದವರು ಯಾರೂ ಸುಮ್ಮನೆ ಹೋಗುವ ಹಾಗಿರಲಿಲ್ಲ. ಸ್ಪೀಕರುಗಳ ಎದುರಿಗೆ ಒಂದು ಕುರ್ಚಿ, ಅದು ಕದಲದಂತೆ ಕಾಲುಗಳ ಸುತ್ತ ಸೀಮೆಸುಣ್ಣದ ಗೆರೆ. ಬಂದವರು ಅದರಲ್ಲಿ ಕೂತು ಕಣ್ಣು ಮುಚ್ಚಬೇಕು. ಮಾವ ಆಂಪ್ಲಿಫೈಯರಿನ ಪಕ್ಕ ಕೂತು ಒಂದು ವೈರಿನಲ್ಲಿ ಹಾಡು ಹಾಕುತ್ತಿದ್ದರು, ಆಮೇಲೆ ಇನ್ನೊಂದು ವೈರಿನಲ್ಲಿ ಅದೇ ಹಾಡು. ಕೊನೆಗೆ ಪ್ರಶ್ನೆ: "ಏನಾರ ಯತ್ಯಾಸ ಗೊತ್ತಾಯ್ತಾ?"

ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನಗಂತೂ ಎರಡೂ ಒಂದೇ. ಇಲ್ಲ ಎಂದಾಗ ಮಾವನ ಮುಖ ಬಾಡಿಹೋಗುತ್ತಿತ್ತು. ಪಾಪ, ಅವರಿಗೆ ಬೇಕಾಗಿದ್ದದ್ದು ಇಷ್ಟೇ, ತಮಗೆ ಕೇಳಿಸಿದ್ದು ತನಗೂ ಕೇಳಿಸಿತು ಎನ್ನುವ ಒಂದೇ ಒಂದು ಜೀವ. ಹನೂರಿನ ನೆಂಟರೊಬ್ಬರು ಮಗಳ ಮದುವೆಗೆ ಕರೆಯಲು ಬಂದವರು ನಿಜ ಹೇಳಿ ಕೆಟ್ಟರು. ಮತ್ತೆ ಮತ್ತೆ ಹಾಡು ಹಾಕಿಸಿಕೊಂಡು, ಹೌದು ಎನ್ನುವವರೆಗೆ ಅವರಿಗೆ ಕಾಫಿ ಹುಟ್ಟಲಿಲ್ಲ. ಮುಂದಿನ ಸಲ ಬಂದಾಗ ತಾವಾಗಿಯೇ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ತಲೆ ತೂಗುತ್ತ "ಭಾಳ ಯತ್ಯಾಸ ಕಣ್ರಿ" ಎಂದರು. ಮಾವ ಇನ್ನೂ ಸ್ವಿಚ್ಚೇ ಹಾಕಿರಲಿಲ್ಲ!

ಅತ್ತೆ ಮಾತ್ರ ಬೇರೆ. ಅಡುಗೆಮನೆಯ ಬಾಗಿಲಿಗೆ ಒರಗಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದು, ಹೊಸ ವೈರು ಮೊದಲನೆಯದೋ ಎರಡನೆಯದೋ ಎಂದು ತಣ್ಣಗೆ ಹೇಳಿ ಒಳಗೆ ಹೋಗುತ್ತಿದ್ದರು. ಹೇಳಿದ್ದು ಸರಿಯಾಗಿರುತ್ತಿತ್ತು, ಒಂದು ಸಲವೂ ತಪ್ಪಿದ್ದಿಲ್ಲ! ಗಂಡಹೆಂಡಿರು ಮಾತಾಡಿಕೊಂಡು ಆಟ ಕಟ್ಟಿದ್ದಾರೆಂದು ನನಗೆ ಗುಮಾನಿ. ಒಂದು ಭಾನುವಾರ ವೈರಿನ ಮೇಲೆ ಟವೆಲ್ ಹೊದಿಸಿ, ಮಾವ ಕೆಮ್ಮಲೂ ಕೂಡದು ಎಂದು ಕಟ್ಟು ಮಾಡಿದೆ. ಆದರೂ ಅತ್ತೆ ಸರಿಯಾಗಿ ಹೇಳಿದರು. ಮಾವ ಕುಣಿಯುವುದೊಂದು ಬಾಕಿ. "ಚಿನ್ನದ ಕಿವಿ ಕಣ್ಲಾ ನಿಮ್ಮತ್ತೇದು!"

ಅದೇ ಚಿನ್ನದ ಕಿವಿಯ ಅತ್ತೆಯನ್ನು ನಾನು ಪಡಸಾಲೆಯಿಂದ ನೀರು ಕೊಡಿ ಎಂದು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಅಂಥ ಕಿವಿಯನ್ನು ನನ್ನಂಥವನಿಗೆ ಯಾಕೆ ಸವೆಸಬೇಕು ಎಂದಿರಬಹುದು ಅಂದುಕೊಂಡೆ.

ಹೆಂಡತಿಯ ಬೆಂಬಲ ಸಿಕ್ಕಿದ ಮೇಲೆ ಮಾವನನ್ನು ಹಿಡಿಯುವವರುಂಟೇ? ಪ್ಲಾಸ್ಟಿಕ್ಕು ಹಾಡಿನ ಉಸಿರು ಕಟ್ಟಿಸುತ್ತದೆ ಎಂದು, ತಮ್ಮ ಮಿಷನ್ನಿನಲ್ಲೇ ತಾಮ್ರದ ತಂತಿಗೆ ರೇಷ್ಮೆ ಸುತ್ತಿಸಿದರು. ಎಡಗಡೆಗೆ ಕೆಂಪು, ಬಲಗಡೆಗೆ ಹಸಿರು, ತುದಿಗಳಿಗೆ ಜರಿ! ಅತ್ತೆ ಅದನ್ನು ಕೈಯಲ್ಲಿ ಹಿಡಿದು, ಇದರಲ್ಲಿ ನನಗೊಂದು ರವಿಕೆ ಆಗುತ್ತಿತ್ತು ಎಂದರು. ಆರಂಭೋತ್ಸವಕ್ಕೆ ನೆಂಟರು ಸೇರಿದರು, ಪಾಯಸವಾಯಿತು, ಅರಿಶಿನ ಕುಂಕುಮ ಇಟ್ಟು ಸ್ವಿಚ್ಚು ಒತ್ತಿದರು. ಕರೆಂಟು ಹೋಯಿತು. ಮಾವ ಕಣ್ಣು ಮುಚ್ಚಿ ಒಂದು ಗಳಿಗೆ ಕಿವಿಗೊಟ್ಟು, ಮೊದಲಿದ್ದ ಗುಂಯ್ ಸದ್ದು ಪೂರ್ತಿ ನಿಂತಿದೆ ನೋಡಿ ಎಂದರು.

ಆ ವರ್ಷವೇ ಒಂದು ದಿನ, ಕುಕ್ಕರು ಕೂಗಿ ಕೂಗಿ ಅನ್ನವೆಲ್ಲ ಸೀದು ಹೊಗೆ ತುಂಬಿದರೂ ಪಕ್ಕದಲ್ಲೇ ತರಕಾರಿ ಹೆಚ್ಚುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. ಮೈಸೂರಿಗೆ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಮಿಷನ್ನಿನ ಸದ್ದಿಗೆ ಎರಡು ಕಿವಿಯೂ ಮಂದವಾಗಿ ಎಷ್ಟೋ ವರ್ಷವಾಗಿದೆ, ಎದುರು ನಿಂತು ಜೋರಾಗಿ ಆಡಿದ ಮಾತಷ್ಟೇ ಇವರಿಗೆ ಕೇಳಿಸುವುದು ಎಂದರು ಡಾಕ್ಟರು. ಕಿವಿಗೆ ಒಂದು ಪುಟ್ಟ ಮಿಷನ್ನು ಹಾಕಿ ಕಳಿಸಿದರು.

ಮಾವ ಮನೆಗೆ ಬಂದು ಆ ಕುರ್ಚಿಯಲ್ಲಿ ತಾವೇ ಕೂತರು.

"ಅಂಗಾದ್ರೆ ಇಷ್ಟ್ ವರ್ಸ ನೀನು ಕೇಳ್ತಿದ್ದದ್ದಾದ್ರೂ ಏನ?"

ಅತ್ತೆ ಸೆರಗಿನ ತುದಿ ಸುತ್ತಿದರು. "ಎಲ್ರಿಗೂ ಕಣ್ಮುಚ್ಚಿ ಅಂತಿದ್ರಿ, ನಂಗೆ ಯಾವತ್ತೂ ಅನ್ನಲಿಲ್ಲ. ನಿಮ್ ಮೊಕ ನೋಡ್ಕಂಡು ಹೇಳ್ತಿದ್ದೆ."

ಮಾವ ವೈರುಗಳನ್ನೆಲ್ಲ ಬಿಚ್ಚಿ ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಹಾಕಿದರು. ಹುರಿ ಮಿಷನ್ನನ್ನು ಬೇರೆ ಬೀದಿಯ ಬಾಡಿಗೆ ಕೋಣೆಗೆ ಸಾಗಿಸಿದರು. ಅದರ ಹತ್ತಿರ ಅತ್ತೆ ಸುಳಿಯುವ ಹಾಗಿಲ್ಲ. "ನನ್ ಮಿಷನ್ನು ಅವಳ ಕಿವಿ ತಿಂತಿತ್ತು, ನಾನಿಲ್ಲಿ ವೈರು ಸವರ್ಕಂಡು ಕೂತಿದ್ದೆ ಕಣ್ಲಾ" ಎಂದು ನನ್ನೆದುರು ಕಣ್ಣೊರೆಸಿಕೊಂಡರು. ನನಗೆ ಸಂಕಟವಾಯಿತು. ಆ ಮನೆಯ ಭಾನುವಾರಗಳು ಮಂಕಾದವು. ಬೈಯುತ್ತಿದ್ದ ನನಗೇ ಆ ಹಾಳು ಪರೀಕ್ಷೆ ಇಲ್ಲದೆ ಊಟ ಸೇರುತ್ತಿರಲಿಲ್ಲ.

ಹೀಗೇ ಕೆಲವು ವಾರ ಕಳೆದ ಮೇಲೆ, ಒಂದು ಭಾನುವಾರ ಅತ್ತೆಯೇ ನನ್ನ ಕೈಲಿ ಅಟ್ಟದಿಂದ ಡಬ್ಬ ಇಳಿಸಿಕೊಂಡರು. ಹಾಕಿ ಎಂದರು. ಮಾವ ಒಲ್ಲದ ಮನಸ್ಸಿನಿಂದ ಒಂದು ವೈರಿನಲ್ಲಿ ಹಾಡು ಹಾಕಿದರು, ಆಮೇಲೆ ಇನ್ನೊಂದರಲ್ಲಿ. ಅತ್ತೆ ಕಿವಿಯ ಮಿಷನ್ನು ಸರಿಮಾಡಿಕೊಂಡು, ಸ್ಪೀಕರಿನ ಕಡೆಗೇ ತಿರುಗಿ, ಗಮನವಿಟ್ಟು ಕೇಳಿದರು. ಅವರಿಗೇನೂ ತಿಳಿಯಲಿಲ್ಲ ಎಂಬುದು ಕೂತಿದ್ದ ನನಗೇ ತಿಳಿಯಿತು. ಮಾವ ಪ್ರಶ್ನೆ ಕೇಳಲೇ ಇಲ್ಲ. ಎದ್ದು ಸ್ವಿಚ್ಚು ತೆಗೆಯಲು ಹೋದರು.

ಅತ್ತೆ ಕಿವಿಯಿಂದ ಮಿಷನ್ನು ಬಿಚ್ಚಿ ಎಲೆಅಡಿಕೆ ತಟ್ಟೆಯಲ್ಲಿಟ್ಟರು. ಅಡುಗೆಮನೆಯ ಬಾಗಿಲಿಗೆ ಹೋಗಿ, ಹಳೆಯ ಜಾಗದಲ್ಲೇ ಒರಗಿ ನಿಂತರು.

"ಇನ್ನೊಂದ್ ಸಲ ಹಾಕಿ."

ಮಾವ ಮತ್ತೆ ಆಂಪ್ಲಿಫೈಯರಿನ ಪಕ್ಕ ಕೂತರು. ಮೊದಲು ಆ ದಪ್ಪ ವೈರು, ಆಮೇಲೆ ಕೆಂಪು ಹಸಿರು ರೇಷ್ಮೆಯದು. ಅತ್ತೆ ಕಣ್ಣು ಕದಲಿಸದೆ ಗಂಡನನ್ನೇ ನೋಡುತ್ತಿದ್ದರು.

"ಎರಡ್ನೇದು" ಎಂದರು.

ನಾನೂ ಆವತ್ತು ಮೊದಲನೇ ಸಲ ಸ್ಪೀಕರು ಬಿಟ್ಟು ಮಾವನ ಮುಖ ನೋಡಿದೆ. ದೇವರಾಣೆ, ವ್ಯತ್ಯಾಸ ಇತ್ತು.