ಒಂದು ಇಡೀ ರೊಟ್ಟಿಗಾಗಿ

ಲೋಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ದೊಡ್ಡ ಆಸೆ. ನಮ್ಮ ಹೆಡ್‌ಮಾಸ್ತರರಿಗೆ ಇಂಡಿ ತಾಲೂಕಿನ ಕಡೆ ನಿಂಬೆಯ ತೋಟ ಮಾಡಬೇಕೆಂಬ ಆಸೆ. ಡ್ರಿಲ್ ಮಾಸ್ತರರಿಗೆ ಕುಸ್ತಿ ಗೆದ್ದು ಬೆಳ್ಳಿಯ ಕಡಗ ಹಾಕಿಕೊಳ್ಳಬೇಕೆಂಬ ಆಸೆ. ನನ್ನದು ಇವೆರಡಕ್ಕಿಂತ ದೊಡ್ಡದು. ಐವತ್ತರ ಹತ್ತಿರ ಬಂದ ಮೇಲೆ, ಹರಿಯದ ಒಂದು ಜೋಳದ ರೊಟ್ಟಿ ಮಾಡಬೇಕೆಂದು ಹಟ ಹಿಡಿದೆ. ನಗುವವರು ನಗಲಿ. ನಗುವ ಮೊದಲು ಒಮ್ಮೆ ಹಿಟ್ಟಿಗೆ ಕೈ ಹಾಕಿ ನೋಡಲಿ.

ನಾನು ಮುದ್ದೇಬಿಹಾಳದಲ್ಲಿ ಗಣಿತದ ಮಾಸ್ತರ. ಕೈವಾರವಿಲ್ಲದೆ, ಕೈಯೆತ್ತದೆ, ಬೋರ್ಡಿನ ಮೇಲೆ ದುಂಡನೆಯ ವೃತ್ತ ಬರೆಯುವವನೆಂದು ಬಸವನ ಬಾಗೇವಾಡಿಯವರೆಗೂ ನನ್ನ ಹೆಸರಿದೆ. ಇದ್ದ ಸೊಕ್ಕೆಲ್ಲ ಅದೊಂದರದೇ. ಆ ವರ್ಷ ಸಂಕ್ರಾಂತಿ ಮುಗಿದ ವಾರದಲ್ಲಿ ನಮ್ಮಾಕೆ ಜ್ವರ ಬಂದು ತೀರಿಕೊಂಡಳು. ಇಷ್ಟು ಚಿಕ್ಕದಾಗಿ ಹೇಳಿದ್ದಕ್ಕೆ ತಪ್ಪು ತಿಳಿಯಬೇಡಿ, ಉದ್ದ ಹೇಳುವುದು ನನ್ನಿಂದಾಗದು. ಆಮೇಲೆ ಖಾನಾವಳಿಯಲ್ಲಿ ಉಂಡುಕೊಂಡು ಹೇಗೋ ಇದ್ದೆ. ಮಳೆ ಶುರುವಾಗುವ ಹೊತ್ತಿಗೆ, ಆಲಮೇಲಕ್ಕೆ ಕೊಟ್ಟ ಮಗಳು ಕಸ್ತೂರಿ ಹೇಳಿಕಳಿಸಿದಳು: “ಈ ವರ್ಷ ನಮಗ ಹಬ್ಬ ಇಲ್ಲ. ಆದ್ರೂ ಪಂಚಮಿ ಮುಂದ ಬರ್ತೇನಿ.” ತವರಿಗೆ ಬಂದ ಮಗಳಿಗೆ ಖಾನಾವಳಿಯ ರೊಟ್ಟಿ ತಿನ್ನಿಸಿದರೆ, ನಿನಗೆ ಅವ್ವ ಇಲ್ಲವೆಂದು ಮತ್ತೊಮ್ಮೆ ಹೇಳಿದಂತೆ. ಅವಳು ಕೂತ ಕೂಡಲೆ ತಾಟಿಗೆ ಬಿಸಿ ರೊಟ್ಟಿ ಬೀಳಬೇಕು, ಅದು ಈ ಮನೆಯ ಒಲೆಯದೇ ಆಗಿರಬೇಕು ಎಂದು ನಿಶ್ಚಯಿಸಿದೆ.

ಗಿರಣಿಯಿಂದ ಹಿಟ್ಟು ಬೀಸಿಕೊಂಡು ಬಂದೆ. ವೃತ್ತ ಬರೆಯುವ ಕೈಗೆ ರೊಟ್ಟಿ ಬಡಿಯುವುದೇನು ಮಹಾ! ಮೊದಲ ದಿನದ ರೊಟ್ಟಿಯನ್ನು ಭೂಗೋಳದ ಮಾಸ್ತರರು ನೋಡಿದ್ದರೆ ಯಾವ ತಾಲೂಕಿನ ನಕಾಶೆ ಎಂದು ಕೇಳುತ್ತಿದ್ದರು. ಮರುದಿನ ಬಡಿಯುವಾಗ ಚೆನ್ನಾಗಿಯೇ ಇತ್ತು, ಎತ್ತುವಾಗ ಎರಡಾಯಿತು. ಹಂಚಿನ ಮೇಲೆ ಸರಿಯಾಗಿ ಬೆಂದದ್ದು ನನ್ನ ಬೆರಳು ಮಾತ್ರ. ಒಂದು ದಿನ ಇಡಿಯಾಗಿ ಬಂತೆಂದು ಹಿಗ್ಗಿದರೆ ಮಾರನೆಯ ದಿನ ಮತ್ತೆ ಚೂರು. ಗಣಿತದಲ್ಲಿ ಹೀಗಿಲ್ಲ, ಇವತ್ತು ಬಿಡಿಸಿದ ಲೆಕ್ಕ ನಾಳೆಯೂ ಬಿಡಿಸಲು ಬರುತ್ತದೆ. ಒಂದು ಸಂಜೆ ಸಿಟ್ಟು ನೆತ್ತಿಗೇರಿ ಹಿಟ್ಟಿನ ಮುದ್ದೆಯನ್ನು ಗೋಡೆಗೆ ಎಸೆದೆ. ಅಲ್ಲಿ ಮಾತ್ರ ಅದು ಹರಿಯದೆ ಅಂಟಿಕೊಂಡಿತು.

ಸಪ್ಪಳ ಕೇಳಿ ಪಕ್ಕದ ಮನೆಯ ಶಾಂತವ್ವ ಹಿತ್ತಲ ಬಾಗಿಲಿಗೆ ಬಂದರು. ನಮ್ಮಾಕೆಗೆ ಬಹಳ ಬೇಕಾದವರು.

“ಮಾಸ್ತರ, ಗ್ವಾಡಿಗೆ ಯಾಕ ರೊಟ್ಟಿ ಬಡ್ಯಾಕತ್ತೀರಿ?”

“ನನ್ನ ಕೈಲೆ ಆಗೂದಿಲ್ರಿ ಶಾಂತವ್ವ. ಬಿಟ್ಟ ಬಿಡ್ತೇನಿ.”

“ಇಷ್ಟ ವರ್ಷಾತು, ನನ್ನ ರೊಟ್ಟೀನೂ ಒಂದೊಂದ ದಿನ ಹರೀತಾವ್ರಿ. ಹರಿದ ದಿನ ಹರಿದದ್ದ ತಿನ್ನೂದು. ಮರುದಿನ ಮತ್ತ ಹಿಟ್ಟಿಗೆ ಎಸರ ಇಡೂದು. ಬ್ಯಾರೆ ಏನೈತಿ?”

ನನಗೆ ಸಮಾಧಾನವಾಗಲಿಲ್ಲ. “ನಮ್ಮಾಕಿ ರೊಟ್ಟಿ ಹರದದ್ದ ನಾ ಒಂದ ದಿನಾನೂ ನೋಡಿಲ್ರಿ. ಬರಗಾಲದಾಗ ರೇಶನ್ನಿನ ಕೆಂಪ ಜೋಳ ಕೊಟ್ರಲ್ಲ, ಜಿಗೀನ ಇಲ್ಲದ್ದು, ಆವಾಗೂ ನನ್ನ ತಾಟಿಗೆ ದುಂಡಂದ ಬರ್ತಿತ್ತು” ಎಂದೆ. ಶಾಂತವ್ವ ಏನೋ ಹೇಳಲು ಹೋಗಿ, ಸೆರಗು ಸರಿಮಾಡಿಕೊಂಡು ಹೊರಟುಹೋದರು.

ಅಂದಿನಿಂದ ಹರಿದ ದಿನ ಹರಿದದ್ದನ್ನೇ ತಿಂದೆ. ಶೇಂಗಾದ ಚಟ್ನಿಪುಡಿ, ಎಣ್ಣೆ ಹಚ್ಚಿಕೊಂಡರೆ ಹೊಟ್ಟೆ ಆಕಾರವನ್ನು ಕೇಳುವುದಿಲ್ಲ. ಕೆಟ್ಟ ದಿನಗಳೇ ಹೆಚ್ಚು, ಆದರೂ ಎಸರಿಡುವುದನ್ನು ಬಿಡಲಿಲ್ಲ.

ಕಸ್ತೂರಿ ಸಿಂದಗಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಬಂದಳು. ಒಳಗೆ ಬಂದವಳೇ ರೂಢಿಯಂತೆ ಅಡುಗೆಮನೆಯ ಕಡೆ ನೋಡಿ, ಕಣ್ಣು ತಿರುಗಿಸಿಕೊಂಡಳು. ನಾನು ಕಂಡರೂ ಕಾಣದವನಂತೆ ಅವಳನ್ನು ಊಟಕ್ಕೆ ಕೂಡಿಸಿ ಒಲೆಯ ಮುಂದೆ ಕುಳಿತೆ. ಮೊದಲ ರೊಟ್ಟಿ ಇಡಿಯಾಗಿ ಎದ್ದಿತು, ಉಬ್ಬಿತು, ದುಂಡಗೆ ಅವಳ ತಾಟಿಗೆ ಬಿತ್ತು! ಎದೆಯೂ ಅಷ್ಟೇ ಉಬ್ಬಿತು. ಎರಡನೆಯದು ಹರಿಯಿತು, ಮೂರನೆಯದೂ ಹರಿಯಿತು. ಅವಳು ಕಾಣದಂತೆ ಅವನ್ನು ಒಲೆಯ ಪಕ್ಕ ಬುಟ್ಟಿಯ ಕೆಳಗೆ ಸರಿಸಿದೆ. ಅವಳು ತಾಟು ಮುಟ್ಟದೆ ಎದ್ದು ಬಂದು ಬುಟ್ಟಿ ಎತ್ತಿದಳು. ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂದವು.

“ಅಪ್ಪಾ, ನೀನೂ ಅವ್ವನಂಗ ಮಾಡಾಕತ್ತೀ?”

“ಏನು?”

“ಅವ್ವನೂ ಹರಿದವನ್ನ ಹಿಂಗ ಮುಚ್ಚಿಡ್ತಿದ್ಲು. ನೀ ಉಂಡ ಎದ್ದ ಮ್ಯಾಲೆ ತಾ ತಿಂತಿದ್ಲು. ಕೆಂಪ ಜೋಳದ ವರ್ಷ ನಾವಿಬ್ರೂ ಬರೇ ಚೂರ ತಿಂದೇವಿ.”

ನಮ್ಮಾಕೆಗೆ ಕೆಟ್ಟ ದಿನಗಳೇ ಇರಲಿಲ್ಲವೆಂದು ನಾನು ತಿಳಿದಿದ್ದೆ. ಇದ್ದವು, ನನ್ನ ತಾಟಿಗೆ ಬರಲಿಲ್ಲ ಅಷ್ಟೆ. ಅಲ್ಲಿಯೇ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಹೊಗೆ ಎಂದು ಹೇಳೋಣವೆಂದರೆ ಒಲೆ ಆಗಲೇ ಆರಿತ್ತು. ಆಮೇಲೆ ಅಪ್ಪ ಮಗಳಿಬ್ಬರೂ ನನಗೆ ನನಗೆ ಎಂದು ಹರಿದ ಚೂರುಗಳಿಗೆ ಜಗಳಾಡಿ ಅವನ್ನೇ ಉಂಡೆವು. ಇಡೀ ರೊಟ್ಟಿ ತಾಟಿನಲ್ಲೇ ಆರಿಹೋಯಿತು.

ಮರುದಿನ ಬೆಳಿಗ್ಗೆ ಅದನ್ನು ಶಾಂತವ್ವನವರಿಗೆ ತೋರಿಸಲು ಒಯ್ದೆ. ಎಷ್ಟಾದರೂ ಸೊಕ್ಕು ನೋಡಿ. ಅವರು ತಿರುಗಿಸಿ ಮುರುಗಿಸಿ ನೋಡಿದರು.

“ಚಂದ್ರನಂಗ ಆಗೇತಲ್ರಿ ಮಾಸ್ತರ! ಯಾಕ, ತಿನ್ನಲಿಲ್ಲೇನು?”

“ಭಾಳ ದುಂಡಗಾಗಿತ್ರಿ ಶಾಂತವ್ವ,” ಎಂದೆ, “ಗಂಟಲದಾಗ ಇಳೀಲಿಲ್ಲ.”