ಸೋಪಣ್ಣ ಸಾಕಿದ ಕ್ರಿಮಿಗಳು

“ಎರಡೇ ತಿಂಗಳು ಕೊಡಿ ಮಾವ, ನಿಮ್ಮ ಮೀನುಗಳಿಗೆ ಅರಮನೆ ಕಟ್ಟಿಕೊಡ್ತೀನಿ. ನೀರು ಹೇಗಿರುತ್ತೆ ಅಂದ್ರೆ, ನೀವೇ ಲೋಟಕ್ಕೆ ಬಗ್ಗಿಸ್ಕೊಂಡು ಕುಡೀಬೇಕು” ಎಂದು ಸೋಪಣ್ಣ ಫೋನಿನಲ್ಲಿ ಘೋಷಿಸಿದ.

ಸೋಪಣ್ಣ ಎಂಬುದು ಆಸ್ಪತ್ರೆಯವರು ಇಟ್ಟ ಹೆಸರು. ಆಪರೇಷನ್ ಕೊಠಡಿಯ ಕತ್ತರಿ, ಚಿಮಟಗಳನ್ನು ತೊಳೆದು, ಬೇಯಿಸಿ, ಒಂದು ಕ್ರಿಮಿಯೂ ಉಳಿಯದಂತೆ ಮಾಡಿಕೊಡುವುದು ಅವನ ಕೆಲಸ. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಸಂಹರಿಸಿದ ಕ್ರಿಮಿಗಳ ಲೆಕ್ಕ ಯಮನ ಹತ್ತಿರವೂ ಇರಲಾರದು. ಮದುವೆಯಾದ ಹದಿನಾರು ವರ್ಷದಿಂದ ಮನೆಯಲ್ಲೂ ಅದೇ ಯುದ್ಧ. ಹೆಂಡತಿ ಅರ್ಧ ಕುಡಿದಿಟ್ಟ ಕಾಫಿ ಲೋಟ, ಅವಳು ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ತೊಳೆಸಿಕೊಂಡು ಬೋರಲು ಮಲಗಿರುತ್ತಿತ್ತು.

ಮಾವ, ಅಂದರೆ ಅವಳ ಅಪ್ಪ, ನಿವೃತ್ತ ಬಸ್ ಡ್ರೈವರ್. ಮಂಡಿ ಆಪರೇಷನ್ ಆದಮೇಲೆ ಮೂರನೇ ಮಹಡಿಯ ತಮ್ಮ ಮನೆಯ ಮೆಟ್ಟಿಲು ಅವರಿಂದಾಗುತ್ತಿರಲಿಲ್ಲ. ಮಗಳ ಮನೆಗೆ ಬಂದಿರಲು ಒಪ್ಪಿದ್ದರು, ಆದರೆ ಷರತ್ತು ಒಂದೇ: ಅವರ ಏಳು ಮೀನುಗಳೂ ಬರಬೇಕು. ಮೀನು ಬದುಕದ ಮನೆಯಲ್ಲಿ ತಾನೂ ಇರುವುದಿಲ್ಲ ಎಂದಿದ್ದರು. ಅವರ ಹಳೆಯ ತೊಟ್ಟಿ ಮೂಲೆಯಲ್ಲಿ ಬಿರುಕು ಬಿಟ್ಟಿದ್ದರಿಂದ ಸಾಗಿಸುವಂತಿರಲಿಲ್ಲ. ಅದರ ಗಾಜಿನ ಪಾಚಿ ಕಂಡಾಗಲೆಲ್ಲ ಸೋಪಣ್ಣ ಮೂಗು ಮುರಿಯುತ್ತಿದ್ದದ್ದೂ ಉಂಟು. ಹೆಂಡತಿಯಂತೂ ಅಪ್ಪನ ಕೋಣೆಗೆ ಆಗಲೇ ಪರದೆ ಹೊಲಿದಿಟ್ಟಿದ್ದಳು.

ಹೀಗಾಗಿ ಮನೆಗೆ ಅಕ್ವಾಪೋನಿಕ್ಸ್ ಬಂತು. ಕೆಳಗೆ ಮೀನಿನ ತೊಟ್ಟಿ, ಮೇಲೆ ಜಲ್ಲಿ ತುಂಬಿದ ಟ್ರೇ, ಜಲ್ಲಿಯಲ್ಲಿ ಪುದೀನ. ಪಂಪು ನೀರನ್ನು ಮೇಲೆತ್ತುತ್ತದೆ, ನೀರು ಜಲ್ಲಿಯಲ್ಲಿ ಹಾದು ಮತ್ತೆ ಕೆಳಗಿಳಿಯುತ್ತದೆ.

ತೊಟ್ಟಿ ಮಾರಿದ ಮೀನಂಗಡಿಯಾಕೆ ಬುಡದಿಂದ ವಿವರಿಸಿದಳು. “ಮೀನಿನ ಗಲೀಜಿಂದ ನೀರಲ್ಲಿ ಅಮೋನಿಯಾ ಆಗುತ್ತೆ, ಅದು ವಿಷ. ಜಲ್ಲೀಲಿ ಒಳ್ಳೇ ಬ್ಯಾಕ್ಟೀರಿಯಾ ಮನೆ ಮಾಡಿದ್ರೆ ಆ ವಿಷಾನ ತಿಂದು ಗಿಡಕ್ಕೆ ಗೊಬ್ಬರ ಮಾಡಿಕೊಡ್ತವೆ. ಮೊದಲು ಅವು ಬರ್ಲಿ, ಆಮೇಲೆ ಮೀನು. ಅಲ್ಲೀತನಕ ಈ ಬಾಟ್ಲಿಯ ಅಮೋನಿಯಾನೇ ಚೂರು ಚೂರು ಹಾಕಿ. ಕೊಳವೇಲಿ ನೀರು ಹಿಡಿದು ಈ ಪರೀಕ್ಷೆಯ ಹನಿ ಬಿಡಿ, ಹಸಿರಾದ್ರೆ ವಿಷ ಇದೆ, ಹಳದಿ ಆದ್ರೆ ಇಲ್ಲ.”

“ಒಳ್ಳೇ ಬ್ಯಾಕ್ಟೀರಿಯಾ ಅಂತಾನೂ ಇರುತ್ತಾ?” ಎಂದ ಸೋಪಣ್ಣ, ಒಳ್ಳೆಯ ಕಳ್ಳನ ಸುದ್ದಿ ಕೇಳಿದ ಪೊಲೀಸಿನವನ ಹಾಗೆ. ಆದರೂ ಅವನಿಗೆ ಕುತೂಹಲ ಹತ್ತಿಕೊಂಡಿತು. ಕಣ್ಣಿಗೆ ಕಾಣದವು, ಯಾರೂ ಕರೆಯದೆ, ಎಲ್ಲಿಂದ ಬರುತ್ತವೆ? ಬಂದದ್ದು ಗೊತ್ತಾಗುವುದು ಹೇಗೆ? ದಿನ ಬೆಳಗಾದರೆ ಕೊಳವೆಯಲ್ಲಿ ನೀರು ಹಿಡಿದು, ಹನಿ ಬಿಟ್ಟು, ಕಿಟಕಿಯ ಬೆಳಕಿಗೆ ಎತ್ತಿ ನೋಡುತ್ತಿದ್ದ. ಹಸಿರು. ಮರುದಿನವೂ ಹಸಿರು. ಒಂದು ತಿಂಗಳು ಕಳೆದರೂ ಹಸಿರೇ.

“ಯಾಕೆ ಬರ್ತಿಲ್ಲ ಇವು?” ಎಂದು ತಲೆ ಕೆರೆದುಕೊಂಡ.

“ಭಾನುವಾರ ಭಾನುವಾರ ಜಲ್ಲೀನ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜೋದು ಯಾರು?” ಎಂದು ನಕ್ಕಳು ಹೆಂಡತಿ.

“ಅಲ್ಲ ಕಣೇ, ಒಳ್ಳೆಯವರು ಬರೋ ಮನೆ ಚೊಕ್ಕಟವಾಗಿ ಇರಬೇಡ್ವಾ?”

ಸಂಗತಿ ಕೇಳಿ ಅಂಗಡಿಯಾಕೆ ಹಣೆ ಚಚ್ಚಿಕೊಂಡಳು. “ಎಲ್ಲಾದ್ರೂ ಹಳೇ ತೊಟ್ಟಿಯ ಜಲ್ಲಿ ತಂದು ಇದಕ್ಕೆ ಬೆರೆಸಿ. ಎಷ್ಟು ಲೋಳೆ ಇದ್ರೆ ಅಷ್ಟು ಒಳ್ಳೇದು.”

ಅಷ್ಟು ಲೋಳೆಯ ತೊಟ್ಟಿ ಸೋಪಣ್ಣನಿಗೆ ಗೊತ್ತಿದ್ದದ್ದು ಒಂದೇ. ಮೂರು ಮಹಡಿ ಹತ್ತಿ ಹೋಗಿ ಕೈಚೀಲ ಹಿಡಿದು ನಿಂತ.

“ಏನು ಅಳಿಯಂದ್ರೇ, ನನ್ನ ಕೊಳಕು ಬೇಕಾಯ್ತಾ?”

“ಸ್ವಲ್ಪ ಸಾಕು ಮಾವ.”

“ಸಂಕೋಚ ಬೇಡ, ತುಂಬ್ಕೊಳ್ಳಿ” ಎಂದರು ಮಾವ ಧಾರಾಳವಾಗಿ.

ಚೀಲ ಮನೆಗೇನೋ ಬಂತು. ಆದರೆ ದಾರಿಯುದ್ದಕ್ಕೂ ಅದರ ವಾಸನೆ ಸೋಪಣ್ಣನ ಇಪ್ಪತ್ತೆರಡು ವರ್ಷಗಳ ಸರ್ವೀಸನ್ನೇ ಕೆಣಕುತ್ತಿತ್ತು. ಬ್ಯಾಕ್ಟೀರಿಯಾ ಬೇಕು, ಒಪ್ಪಿದ. ಆದರೆ ಅವು ಶುಚಿಯಾಗಿ ಬಂದರೆ ಯಾರಿಗೆ ನಷ್ಟ?

ಸಂಜೆ ಹೆಂಡತಿ ಅಡುಗೆಮನೆಗೆ ಬಂದಳು. “ಒಲೆ ಮೇಲೆ ಏನ್ರೀ ಅದು?”

“ನಿಮ್ಮಪ್ಪನ ಜಲ್ಲಿ.”

“ಬೇಯಿಸ್ತಿದ್ದೀರಾ?”

“ಇಪ್ಪತ್ತೇ ನಿಮಿಷ.”

ಅವಳು ಒಲೆ ಆರಿಸಿ ಅಲ್ಲೇ ಸ್ಟೂಲಿನ ಮೇಲೆ ಕುಳಿತಳು. ಈ ಸಲ ನಗಲಿಲ್ಲ. “ಅಪ್ಪ ಬರೋಕೆ ಇನ್ನು ನಾಲ್ಕು ವಾರಾನೂ ಇಲ್ಲ. ಅಪ್ಪ ಒಂದು ಸಲ ಬರಲ್ಲ ಅಂದ್ರೆ ಮತ್ತೆ ಕಾಲಿಗೆ ಬಿದ್ರೂ ಬರಲ್ಲ. ಆ ಮೆಟ್ಟಿಲಲ್ಲಿ ಅವರು ಬಿದ್ರೆ ಏನ್ರೀ ಮಾಡ್ಲಿ?” ಅವಳ ದನಿ ಒಡೆದದ್ದು ಕೇಳಿ ಸೋಪಣ್ಣನಿಗೆ ನಿಜವಾಗಿ ನಾಚಿಕೆಯಾಯಿತು. ಮರುದಿನ ಬೆಳಿಗ್ಗೆಯೇ ಮತ್ತೆ ಮೂರು ಮಹಡಿ ಹತ್ತಿದ.

“ಚೆನ್ನಾಗಿ ಬೆಂದಿತ್ತಾ?” ಎಂದಷ್ಟೇ ಕೇಳಿದರು ಮಾವ.

ಈ ಬಾರಿ ಜಲ್ಲಿಯನ್ನು ಟ್ರೇಗೆ ಸುರಿದವಳು ಹೆಂಡತಿ. ಬ್ರಷ್ಷು, ಬ್ಲೀಚಿಂಗ್ ಪೌಡರು ಅವಳ ಬೀರು ಸೇರಿದವು. ಕೈ ಕಟ್ಟಿಹಾಕಿದ ಮೇಲೆ ಸೋಪಣ್ಣನಿಗೆ ಉಳಿದದ್ದು ಕಣ್ಣೊಂದೇ. ಭೂತಗನ್ನಡಿ ಹಿಡಿದು ಜಲ್ಲಿಯ ಮುಂದೆ ಕೂತುಬಿಡುತ್ತಿದ್ದ. ಒಂದು ವಾರಕ್ಕೆ ಹೊಸ ಕಲ್ಲುಗಳಿಗೂ ತೆಳ್ಳಗೆ ಕಂದು ಬಣ್ಣ ಹತ್ತಿತು. ಹಸಿರು ಮಾಸಿತು. ಅಮೋನಿಯಾ ತಿಂದವು ಇನ್ನೊಂದು ವಿಷವನ್ನು ಬಿಟ್ಟವು, ಅದನ್ನು ತಿನ್ನಲು ಬೇರೆಯೇ ಒಂದು ಜಾತಿ ಬಂತು. ಒಬ್ಬರ ಎಂಜಲು ಇನ್ನೊಬ್ಬರ ಊಟ, ಕೊನೆಯ ಪಂಕ್ತಿಯಲ್ಲಿ ಪುದೀನ. ಎಂಜಲು ಲೋಟ ಕಂಡರೆ ಕೆರಳುತ್ತಿದ್ದವನು ಇದನ್ನು ಬೆರಗಿನಿಂದ ಆಸ್ಪತ್ರೆಯವರಿಗೆಲ್ಲ ಹೇಳಿಕೊಂಡು ಬಂದ. ಮೂರನೇ ವಾರ ಕೊಳವೆಯ ನೀರು ಹಳದಿಯಾಯಿತು. ಎರಡನೇ ವಿಷದ ಪರೀಕ್ಷೆಯಲ್ಲೂ ಪಾಸು. ಪುದೀನ ಚಿಗುರಿತು.

ಹೇಳಿದ ದಿನಕ್ಕೆ ಮಾವ ಬಂದರು, ಬಕೆಟ್ಟಿನಲ್ಲಿ ಏಳು ಮೀನು. ತೊಟ್ಟಿಗೆ ಬಿಟ್ಟ ಕೂಡಲೇ ಏಳೂ ಮೂಲೆಯಲ್ಲಿ ಮುದುಡಿದವು. ಮೂವರೂ ಗಾಜಿನತ್ತ ಬಗ್ಗಿ ನೋಡಿದರು. ಸ್ವಲ್ಪ ಹೊತ್ತಿಗೆ ಒಂದು ಬಾಲ ಬಡಿಯಿತು, ಆಮೇಲೆ ಏಳೂ ಮನೆ ನೋಡಲು ಹೊರಟವು.

“ಬದುಕ್ತವೆ” ಎಂದರು ಮಾವ. ಹೆಂಡತಿ ಕಣ್ಣೊರೆಸಿಕೊಂಡಳು. ಸೋಪಣ್ಣ ಒಂದು ಗೇಣು ಉಬ್ಬಿದ.

“ನಿಮ್ಮ ಕೋಣೇನೂ ನೋಡಿ ಮಾವ. ಬೆಳಿಗ್ಗೆಯಿಂದ ನಾನೇ ಮೂರು ಸಲ ಫಿನಾಯಿಲ್ ಹಾಕಿ ಒರೆಸಿದ್ದೀನಿ.”

ಮಾವ ಒಳಗೆ ಹೋದರು. ಒಂದು ಸೀನು ಕೇಳಿಸಿತು, ಮತ್ತೊಂದು, ಆಮೇಲೆ ಸಾಲಾಗಿ ಆರು. ಕಣ್ಣು ಮೂಗಲ್ಲೆಲ್ಲ ನೀರು ಸುರಿಸುತ್ತ ಹೊರಗೆ ಬಂದವರು, ಕುರ್ಚಿ ಎಳೆದುಕೊಂಡು ತೊಟ್ಟಿಯ ಪಕ್ಕಕ್ಕೆ ಕುಳಿತರು.

“ಅಳಿಯಂದ್ರೇ, ಇದರೊಳಗೆ ಇನ್ನೊಬ್ಬರಿಗೆ ಜಾಗ ಇದೆಯಾ?”

“ಸರದೀಲಿ ಬಾ ಅಪ್ಪಾ” ಎಂದಳು ಮಗಳು. “ನಾನು ಹದಿನಾರು ವರ್ಷದಿಂದ ಕಾಯ್ತಾ ಇದ್ದೀನಿ.”