ಅಣ್ಣ ತಿನ್ನದ ಸೊಪ್ಪು

ನನ್ನ ಕೈಲಿ ಆಗದೇ ಹೋದದ್ದು ಗುಡ್ಡ ಕಡಿಯುವ ಕೆಲಸವೇನಲ್ಲ, ಅಣ್ಣನಿಗೆ ದಿನಕ್ಕೊಂದು ಹೊತ್ತು ಸೊಪ್ಪು ಬೇಯಿಸಿ ಹಾಕುವುದು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬೆಂಡೆಕಾಯಿ ತಿಂದರೆ ಲೆಕ್ಕ ಬರುತ್ತದೆಂದು ಅವ್ವ ಆಗ ದಿನವೂ ಅದನ್ನೇ ಹುರಿದು ಹಾಕುತ್ತಿದ್ದಳು. ಹಿತ್ತಿಲ ಬೆಂಡೆ ಗಿಡಗಳೆಲ್ಲ ಬರಿದಾದವು, ಲೆಕ್ಕ ಬರಲಿಲ್ಲ. ಅಂದಿನಿಂದ ತರಕಾರಿಗೂ ತಲೆಗೂ ಸಂಬಂಧವಿದೆ ಎಂದರೆ ನನಗೆ ನಗು.

ಅಣ್ಣನಿಗೆ ಮರೆವು ಶುರುವಾದಾಗ ಸಕಲೇಶಪುರದ ಡಾಕ್ಟರು ಮಾತ್ರೆಯ ಜೊತೆ ಸೊಪ್ಪನ್ನೂ ಹೇಳಿದರು. ಅತ್ತಿಗೆ ಮಗಳ ಬಾಣಂತನಕ್ಕೆ ಯಸಳೂರಿಗೆ ಹೊರಟವರು ಬಸ್ಸಿನ ಕಿಟಕಿಯಿಂದಲೇ ನನಗೆ ಪಾಠ ಮಾಡಿದರು: "ಸೊಪ್ಪು ಕರಗೋ ಹಂಗೆ ಬೇಯಿಸ್ಬೇಡ. ಬಸಿದ ನೀರು ಚೆಲ್ಬೇಡ, ಅದ್ರಲ್ಲೇ ಸಾರು ಮಾಡು. ಸತ್ವ ಎಲ್ಲಾ ಅದ್ರಲ್ಲೇ ಐತಂತೆ."

ಮೊದಲ ಮೂರ್ನಾಲ್ಕು ದಿನ ಆ ನೀರನ್ನು ಮರೆತು ಹಸುವಿನ ಕಲಗಚ್ಚಿಗೆ ಸುರಿದೆ. ಸತ್ವ ಅದರ ತಲೆಗೇರಿತೋ ಏನೋ, ಹಸು ಕೊಟ್ಟಿಗೆಯ ಅಗುಳಿಯನ್ನು ಕೊಂಬಿನಿಂದ ತೆಗೆಯಲು ಕಲಿಯಿತು. ಆಮೇಲೆ ಸೊಪ್ಪು ಸೋಸಲು ಕೂತರೆ ಸೊಂಟ ಹಿಡಿಯತೊಡಗಿದ್ದರಿಂದ ಸೊಪ್ಪನ್ನೇ ಬಿಟ್ಟೆ.

"ಸೊಪ್ಪೆಲ್ಲೋ?" ಎಂದು ಅಣ್ಣ ಊಟಕ್ಕೆ ಕೂತಾಗ ಕೇಳಿದ.

"ಬೆಳಿಗ್ಗೆ ರೊಟ್ಟಿ ಜೊತೆ ತಿಂದ್ಯಲ್ಲಣ್ಣ. ಮರ್ತ್‌ಬುಟ್ಯಾ?"

"ಹೌದಾ? ಚೆನ್ನಾಗಿತ್ತಾ?"

"ಎರಡು ಸಲ ಹಾಕಿಸ್ಕೊಂಡೆ. ಉಪ್ಪು ಕಡಿಮೆ ಅಂತ ಬೈದೆ ಬೇರೆ."

ಇದೇ ದಿನಚರಿಯಾಯಿತು. ಅತ್ತಿಗೆ ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಗೆ ಫೋನ್ ಮಾಡಿ ವಿಚಾರಿಸಿದಾಗ ಅಣ್ಣನೇ, "ದಿನಾ ತಿಂತಿದೀನಂತೆ ಕಣೆ" ಎಂದ. ನಾನು ಹಿಂದೆ ನಿಂತು ನಗು ತಡೆದುಕೊಂಡೆ.

ಬರಬರುತ್ತಾ ಅಣ್ಣ ಬಸ್ಸು ಹತ್ತಿ ಬೆಳಗೋಡಿನ ತನ್ನ ಕಾಳುಮೆಣಸಿನ ಸ್ಟೋರಿಗೆ ಹೋಗುವುದನ್ನೇ ನಿಲ್ಲಿಸಿದ. ಒಂದು ಬೆಳಿಗ್ಗೆ ಆ ಸ್ಟೋರ್‌ನ ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟ.

"ಇನ್ಮೇಲೆ ನೀನೇ ನೋಡ್ಕೊ ಮಾರಾಯ. ಹೊಟ್ಟೆಗೆ ಹೋದದ್ದೇ ನೆನಪಿಲ್ದೋನು ನಾನು. ಬಸ್ ಹತ್ತಿ ಎಲ್ಲಿ ಇಳೀಬೇಕು ಅಂತ ಮರೆತ್ರೆ? ನಿಮ್ಮತ್ತಿಗೆಗೆ ಹೇಳ್ಬೇಡ, ಹೆದರ್ಕೋತಾಳೆ."

ಮರೆವು ಅವನಿಗೆ ಒಂದು ಹಿಡಿಯಷ್ಟಿತ್ತು, ಉಳಿದ ಹೊರೆ ನಾನು ಹೊರಿಸಿದ್ದು. ಸೊಪ್ಪು ತಿಂದು ತಲೆ ಸರಿಮಾಡಿಕೊಳ್ಳಬೇಕಾದವನು ಈ ಮನೆಯಲ್ಲಿ ಯಾರೆಂದು ಆಗ ಗೊತ್ತಾಯಿತು. ಬೀಗದ ಕೈಯನ್ನು ಅವನ ಜೇಬಿಗೇ ತುರುಕಿದೆ.

"ಅಣ್ಣಾ, ನೀ ಮರ್ತಿಲ್ಲ ಕಣಣ್ಣ. ಸೊಪ್ಪು ನಾ ಮಾಡೇ ಇರ್ಲಿಲ್ಲ. ದಿನಾ ಸುಳ್ಳು ಹೇಳ್ಬುಟ್ಟೆ. ತಪ್ಪಾಯ್ತು."